ಮಂಗಳಾಗೌರಿ ಮತ್ತು ಖಾಲಿ ಅಂಗಿಗಳು

ಮಂಗಳಾಗೌರಿ ಕಾಯಿಲೆ ಬಿದ್ದದ್ದನ್ನು ಕಂಡವರಿರಲಿಲ್ಲ. ವಿಜಯವಾಡದ ಅವಳ ಶಾಲೆಯಲ್ಲಿ ಒಂದು ಬೇಸಿಗೆ ಸೀತಾಳೆ ಸಿಡುಬು ಎದ್ದು ಅರ್ಧ ತರಗತಿ ಮನೆ ಸೇರಿದಾಗ, ಉಳಿದರ್ಧದ ಮುಂದಿನ ಸಾಲಿನಲ್ಲಿ ಇವಳು ಎರಡು ಜಡೆ ಹಾಕಿಕೊಂಡು ಕೂತಿದ್ದಳು. ಮಳೆಯಲ್ಲಿ ನೆನೆದರೆ ಕೂದಲು ಒದ್ದೆಯಾಗುತ್ತಿತ್ತು, ಅಷ್ಟೇ. "ನಮ್ ಗೌರಿದು ಕಲ್ಲುಗುಂಡಿನಂಥ ಜೀವ ಕಣ್ರೀ. ಯಮ ಬಂದ್ರೂ ವಿಳಾಸ ಕೇಳ್ಕಂಡು ವಾಪಸ್ ಹೋಗ್ತಾನೆ," ಎಂದು ಅವಳ ತಂದೆ ಅಣ್ಣಪ್ಪ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಹೇಳುವಾಗ ಮಗಳ ಆರೋಗ್ಯವನ್ನು ತಾವೇ ಮಂಜೂರು ಮಾಡಿದಂತೆ ಅವರ ಮುಖ ಅರಳುತ್ತಿತ್ತು.

ಅಣ್ಣಪ್ಪ ದಾವಣಗೆರೆ ಕಡೆಯವರು, ಬ್ಯಾಂಕಿನ ನೌಕರರು. ಎರಡು ವರ್ಷದ ಮಟ್ಟಿಗೆಂದು ಕೃಷ್ಣಾ ತೀರಕ್ಕೆ ವರ್ಗವಾಗಿ ಬಂದವರು, ಒಂದು ಶಾಖೆಯಿಂದ ಇನ್ನೊಂದಕ್ಕೆ ಹಾರುತ್ತ ಅಲ್ಲೇ ಕೂದಲು ಹಣ್ಣು ಮಾಡಿಕೊಂಡರು. ಗೌರಿ ಹುಟ್ಟಿದ್ದು, ಬೆಳೆದದ್ದು ಎರಡೂ ವಿಜಯವಾಡದಲ್ಲೇ. ಮನೆಯ ಮಾಲಕಿ ಸೂರ್ಯಕಾಂತಮ್ಮನ ಸೊಂಟದ ಮೇಲೆ ಕೂತು ಕಲಿತದ್ದರಿಂದ ತೆಲುಗು ಅವಳಿಗೆ ನೀರು ಕುಡಿದಷ್ಟು ಸಲೀಸು. ಕನ್ನಡ ಮಾತ್ರ ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಮಾರುಕಟ್ಟೆಯ ತರಕಾರಿಯವರು ಅವಳನ್ನು "ಮನ ಅಮ್ಮಾಯಿ", ನಮ್ಮ ಹುಡುಗಿ, ಎಂದೇ ಕರೆಯುತ್ತಿದ್ದರು. ಹೊರಗಿನವಳೆಂದು ಯಾರಿಗೂ ಅನುಮಾನ ಬರುತ್ತಿರಲಿಲ್ಲ.

ಆ ಮನೆಗೆ ಒಂದೇ ಒಂದು ಭಯವಿತ್ತು, ಅದು ಹೊಟ್ಟೆಯ ಭಯ. ಗೌರಿಯ ತಾಯಿ ಅಕ್ಕಮ್ಮ ಐವತ್ತು ತುಂಬುವ ಮೊದಲೇ ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿಯಾಗಿ ತೀರಿಕೊಂಡರು. ಪಿತ್ತಜನಕಾಂಗದ ಕ್ಯಾನ್ಸರ್ ಎಂದರು ವೈದ್ಯರು. ಅಕ್ಕಮ್ಮನ ತಾಯಿಯೂ ಹೀಗೇ ಹೋಗಿದ್ದರು, ಅಣ್ಣನೂ ಹೀಗೇ. ಅದಕ್ಕೆ ನೆಂಟರಿಷ್ಟರಲ್ಲಿ ಒಂದು ಕತೆಯೇ ಹುಟ್ಟಿಕೊಂಡಿತ್ತು. ಯಾವುದೋ ಕಾಲದಲ್ಲಿ ಆ ಮನೆಯ ಹಿರಿಯಳೊಬ್ಬಳು ಹಸಿದು ಬಂದ ಬಸುರಿಗೆ ಅನ್ನವಿಲ್ಲವೆಂದು ಬಾಗಿಲು ಹಾಕಿದಳಂತೆ. "ನಿನ್ನ ಹೊಟ್ಟೇಲಿ ಹುಟ್ಟಿದವರ ಹೊಟ್ಟೆ ಹಿಂಗೇ ಉಬ್ಬಲಿ" ಎಂದು ಆ ಬಸುರಿ ಮಣ್ಣು ತೂರಿ ಹೋದಳಂತೆ. ಬಿ.ಕಾಂ. ಓದಿದ ಗೌರಿ ಈ ಕತೆಗೆ ನಗುತ್ತಿದ್ದಳು. ಆದರೆ ಮದುವೆಯಾಗಿ ವಿಶಾಖಪಟ್ಟಣಕ್ಕೆ ಹೋಗಿ, ಅಲ್ಲಿ ಬಸುರಿಯಾಗಿ, ಸೀರೆಯ ನೆರಿಗೆ ಮೇಲೇರತೊಡಗಿದಾಗ ಕನ್ನಡಿಯ ಮುಂದೆ ನಿಂತವಳಿಗೆ ನಗು ಬರಲಿಲ್ಲ. ಉಬ್ಬುತ್ತಿರುವುದು ಮಗುವೆಂದು ಗೊತ್ತಿದ್ದೂ ಅವಳಿಗೆ ತಾಯಿಯ ಕೊನೆಯ ತಿಂಗಳುಗಳು ಕಣ್ಣಿಗೆ ಕಟ್ಟುತ್ತಿದ್ದವು.

ಗಂಡ ಇಂದುಧರ ರಾಣೆಬೆನ್ನೂರಿನವನು, ನೌಕಾಪಡೆಯಲ್ಲಿದ್ದ. ಹಡಗಿನ ರೇಡಾರ್ ಪರದೆಯ ಮುಂದೆ ಕೂತು ಹಸಿರು ಚುಕ್ಕೆಗಳಲ್ಲಿ ಯಾವುದು ದೋಣಿ, ಯಾವುದು ಮೋಡ, ಯಾವುದು ಹಗೆ ಎಂದು ಹೇಳುವುದು ಅವನ ಕೆಲಸ. ವಿಶಾಖಪಟ್ಟಣದ ಗಾಜುವಾಕ ಬಡಾವಣೆಯಲ್ಲಿ ಬಾಡಿಗೆ ಮನೆ; ಕೆಳಗೆ ಸೈಕಲ್ ಅಂಗಡಿ, ಮುಂದೆ ಉಕ್ಕಿನ ಕಾರ್ಖಾನೆಯ ಬಸ್ಸುಗಳ ಗದ್ದಲ. ಕೆಲಸದ ವಿಷಯ ಕೇಳಿದರೆ "ಅದು ರಹಸ್ಯ" ಎನ್ನುತ್ತಿದ್ದ. ಎರಡು ಲೋಟ ಚಹಾ ಕುಡಿಸಿದರೆ ಎಲ್ಲವನ್ನೂ ಕೈಯಾಡಿಸಿ ವಿವರಿಸುತ್ತಿದ್ದ.

ಅಲ್ಲಿ ಗೌರಿ ತೋರಿಸಿಕೊಳ್ಳುತ್ತಿದ್ದುದು ಡಾಕ್ಟರ್ ಹೈಮಾವತಿಯವರಲ್ಲಿ. ನರೆತ ಕೂದಲು, ದಪ್ಪ ಕನ್ನಡಕ, ಮಾತಿನಲ್ಲಿ ಅವಸರವಿಲ್ಲ. ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ ಇತ್ತೆಂದು ಅವರು ಕೇಳಿದಾಗ ಗೌರಿ ಅರ್ಧ ನಗುತ್ತ ಆ ಶಾಪದ ಕತೆ ಹೇಳಿದಳು. ಡಾಕ್ಟರು ನಗಲಿಲ್ಲ. ಪೆನ್ನು ಕೆಳಗಿಟ್ಟು, "ತಾಯಿ, ತಾಯಿಯ ತಾಯಿ, ಸೋದರಮಾವ," ಎಂದು ಮೆಲ್ಲಗೆ ಎಣಿಸಿಕೊಂಡರು. ಆಮೇಲೆ ಅವಳ ತೋಳಿನಿಂದ ರಕ್ತ ತೆಗೆಸಿದರು.

ಮುಂದಿನ ವಾರ ಅವರು ಹೇಳಿದ್ದು ಇಷ್ಟು: "ನಿಮ್ಮ ಮನೆಯ ಹಿರಿಯಳು ಯಾರಿಗೆ ಬಾಗಿಲು ಹಾಕಿದಳೋ ನನಗೆ ತಿಳಿಯದಮ್ಮಾ. ಇದು ಶಾಪವಲ್ಲ, ವೈರಸ್ಸು. ಹೆಪಟೈಟಿಸ್ ಬಿ ಎಂದು ಹೆಸರು. ನಿಮ್ಮ ತಾಯಿಯಲ್ಲಿತ್ತು, ನಿಮ್ಮಲ್ಲೂ ಇದೆ."

"ನನಗೇನೂ ಆಗಿಲ್ಲ ಕದಂಡೀ, ಅಲ್ಲವೇ? ಒಂದು ದಿನ ಜ್ವರ ಬಂದವಳಲ್ಲ ನಾನು!"

"ಏನೂ ಆಗದಂತೆ ನೋಡಿಕೊಳ್ಳುವುದೇ ಅದರ ಜಾಣತನ."

ಹೈಮಾವತಿ ಒಂದು ಲೋಟ ನೀರು ಕೊಟ್ಟು ಬಿಡಿಸಿ ಹೇಳಿದರು. ಮೈಯೊಳಗೆ ಕಾವಲುಗಾರರಿರುತ್ತಾರೆ; ರಕ್ತದಲ್ಲಿ ಓಡಾಡುತ್ತ ಪರಕೀಯನನ್ನು ಕಂಡರೆ ಹಿಡಿದು ಕೊಲ್ಲುತ್ತಾರೆ. ಆದರೆ ಕೂಸು ಹುಟ್ಟುವ ಹೊತ್ತಿಗೆ ಆ ಕಾವಲುಗಾರರೂ ಕೂಸುಗಳೇ. ತಮ್ಮವರು ಯಾರು, ಪರರು ಯಾರು ಎಂದು ಅವರಿನ್ನೂ ಕಲಿಯುತ್ತಿರುತ್ತಾರೆ. ಹೆರಿಗೆಯ ಗಳಿಗೆಯಲ್ಲಿ ತಾಯಿಯ ರಕ್ತದ ಜೊತೆ ಈ ವೈರಸ್ಸು ಒಳಗೆ ಬರುತ್ತದೆ. ಬರುವುದಕ್ಕೂ ಮೊದಲೇ ತನ್ನದೊಂದು ಚೂರನ್ನು ಗರ್ಭಕ್ಕೆ ಕಳಿಸಿ ಮುಖಪರಿಚಯ ಮಾಡಿಸಿಕೊಂಡಿರುತ್ತದೆಂದು ಈಚೆಗೆ ಕೆಲವು ವಿಜ್ಞಾನಿಗಳು ಹೇಳುತ್ತಿದ್ದಾರೆ. ಕಾವಲುಗಾರರು ಕಣ್ಣು ಬಿಟ್ಟಾಗ ಅದು ಆಗಲೇ ಮನೆಯಲ್ಲಿರುತ್ತದೆ. "ಮನೆಯ ನಾಯಿ ಮನೆಯವರನ್ನು ಕಂಡು ಬೊಗಳುತ್ತದೆಯೇ?" ಎಂದರು ಡಾಕ್ಟರು.

ಅದು ಪಿತ್ತಜನಕಾಂಗದಲ್ಲಿ ಸದ್ದಿಲ್ಲದೆ ಕೂತು ಮರಿ ಹಾಕುತ್ತದಂತೆ. ಹತ್ತಾರು ವರ್ಷ ಕಳೆದ ಮೇಲೆ ಕಾವಲುಗಾರರಿಗೆ ಏನೋ ಅನುಮಾನ ಬಂದು ಅರೆಮನಸ್ಸಿನಿಂದ ಜಗಳ ತೆಗೆಯುತ್ತಾರೆ. ಗೆಲ್ಲುವುದೂ ಇಲ್ಲ, ಬಿಡುವುದೂ ಇಲ್ಲ. ಆ ಗಾಯ ಮಾಯುವುದು, ಮತ್ತೆ ಆಗುವುದು ನಡೆದೇ ಇರುವಾಗ ಒಂದು ದಿನ ಯಾವುದೋ ಒಂದು ಜೀವಕೋಶ ಲಂಗುಲಗಾಮಿಲ್ಲದೆ ಬೆಳೆಯತೊಡಗುತ್ತದೆ. ಅದೇ ಕ್ಯಾನ್ಸರ್. ಎಲ್ಲರಿಗೂ ಆಗುವುದಿಲ್ಲ, ಆದರೆ ಆಗುವವರು ಕಡಿಮೆಯೇನಲ್ಲ.

ಗೌರಿಗೆ ಇದ್ದಕ್ಕಿದ್ದಂತೆ ಒಂದು ವಿಷಯ ನೆನಪಾಯಿತು. "ನಮ್ಮ ತಂದೆಗೆ ಮದುವೆಯಾದ ವರ್ಷ ದೊಡ್ಡ ಕಾಮಾಲೆ ಬಂದಿತ್ತಂತೆ. ಕಣ್ಣೆಲ್ಲ ಅರಿಶಿನ. ಊರಿಗೆ ಹೋಗಿ ಸೊಪ್ಪಿನ ಔಷಧಿ ಕುಡಿದು ತಿಂಗಳುಗಟ್ಟಲೆ ಮಲಗಿದ್ದರಂತೆ. ಅವರೂ..."

"ಅವರು ಪಾರಾದರು," ಎಂದರು ಹೈಮಾವತಿ. "ಬಹುಶಃ ನಿಮ್ಮ ತಾಯಿಯಿಂದಲೇ ಬಂದಿರಬೇಕು. ಆದರೆ ಅವರು ದೊಡ್ಡವರು, ಅವರ ಕಾವಲುಗಾರರಿಗೆ ಮೀಸೆ ಬಂದಿತ್ತು. ಪರಕೀಯನೆಂದು ಗುರುತು ಹಿಡಿದು ಬಡಿದು ಹೊರಗೆ ಹಾಕಿದರು. ಆ ಬಡಿದಾಟವೇ ಕಾಮಾಲೆ. ಅದನ್ನು ಗುಣಮಾಡಿದ್ದು ಸೊಪ್ಪಲ್ಲ, ಅವರ ಮೈಯೇ."

ಗೌರಿ ಬಸ್ಸಿನಲ್ಲಿ ಮನೆಗೆ ಬರುವಾಗ ಈ ಮಾತೊಂದೇ ತಲೆಯಲ್ಲಿ ಗಿರಿಗಿಟ್ಟಲೆಯಾಡುತ್ತಿತ್ತು. ಹಳದಿಯಾಗಿ ಹಾಸಿಗೆ ಹಿಡಿದವರು ಉಳಿದರು. ಕೊನೆಯ ಕಾಯಿಲೆಯವರೆಗೆ ಒಂದು ದಿನವೂ ಮಲಗದ ಅಮ್ಮ ಹೋದರು. ತಾನು ಹೆಮ್ಮೆಪಟ್ಟುಕೊಂಡಿದ್ದ ಕಲ್ಲುಗುಂಡಿನಂಥ ಆರೋಗ್ಯವೇ ತನ್ನ ಕಾಯಿಲೆ! ಸಿಟ್ಟು ಬರಬೇಕಿತ್ತು, ಅಳು ಬರಬೇಕಿತ್ತು. ಎರಡೂ ಆಮೇಲೆ ಬಂದವು. ಮೊದಲು ಬಂದದ್ದು ಮಾತ್ರ ಬೆರಗು. ಕಣ್ಣಿಗೆ ಕಾಣದ, ಮಿದುಳಿಲ್ಲದ, ಜೀವವೆಂದು ಕರೆಯಬೇಕೋ ಬೇಡವೋ ಎಂದು ಓದಿದವರೇ ಜಗಳವಾಡುವ ಒಂದು ಧೂಳಿನ ಚೂರಿಗೆ ಇಷ್ಟು ಬುದ್ಧಿಯನ್ನು ಯಾರು ಕೊಟ್ಟರು? ಅಮ್ಮ ತಿಳಿಯದೆ ತನಗೆ ಕೊಟ್ಟರು, ಅಮ್ಮನ ಅಮ್ಮ ತಿಳಿಯದೆ ಅಮ್ಮನಿಗೆ ಕೊಟ್ಟರು. ಹೊಟ್ಟೆಯೊಳಗೆ ಕೂಸು ಒದೆಯಿತು. ಬೆರಗು ಅಲ್ಲಿಗೇ ನಿಂತಿತು. ಈಗ ತನ್ನ ಸರದಿ.

ಮುಂದಿನ ಸಲ ಇಂದುಧರನೂ ಜೊತೆಗೆ ಬಂದ. ಅವನ ರಕ್ತದಲ್ಲಿ ಏನೂ ಇರಲಿಲ್ಲ, ಆದರೂ ಅವನಿಗೂ ಲಸಿಕೆ ಹಾಕಬೇಕೆಂದರು ಡಾಕ್ಟರು. ನೌಕಾಪಡೆಯವನು ಸೂಜಿ ಕಂಡು ಬಿಳಿಚಿಕೊಂಡದ್ದನ್ನು ಗೌರಿ ಬಹಳ ವರ್ಷ ಆಡಿಕೊಂಡಳು. ಅಂದು ಅವನು, "ಅಲ್ರೀ ಡಾಕ್ಟ್ರೇ, ಆಕಿ ಈಗ ದೊಡ್ಡಾಕಿ ಆಗ್ಯಾಳಲ್ಲ, ಕಾವಲ್ದಾರೂ ದೊಡ್ಡಾವ್ರಾಗಿರಬೇಕು. ಈಗರೆ ಯಾಕ ಹಿಡಿಯಂಗಿಲ್ಲ?" ಎಂದು ಕೇಳಿದ. ಗೌರಿ ಅದನ್ನು ತೆಲುಗಿಗೆ ತಿರುಗಿಸಿದಳು.

ಹೈಮಾವತಿ ಹೇಳಿದರು: ಈ ವೈರಸ್ಸು ತಾನೊಂದೇ ಓಡಾಡುವುದಿಲ್ಲ. ತನ್ನ ಮೇಲಂಗಿಯಂಥದೇ ಅಂಗಿಗಳನ್ನು ರಾಶಿರಾಶಿ ಹೊಲಿಸಿ ರಕ್ತದಲ್ಲಿ ತೂರಿಬಿಡುತ್ತದೆ. ಒಳಗೆ ಯಾರೂ ಇಲ್ಲ, ಬರೀ ಖಾಲಿ ಅಂಗಿ. ಒಂದು ನಿಜವಾದ ವೈರಸ್ಸಿಗೆ ಸಾವಿರಾರು ಖಾಲಿ ಅಂಗಿಗಳು. ಎಲ್ಲಿ ನೋಡಿದರೂ ಅವೇ ತುಂಬಿಕೊಂಡು ಕಾವಲುಗಾರರಿಗೆ ಕಣ್ಣು ಕತ್ತಲೆ ಬರುತ್ತದೆ. ಬಾಣ ಬಿಟ್ಟರೂ ಖಾಲಿ ಅಂಗಿಗೆ ತಾಗುತ್ತದೆ.

ಇಂದುಧರ ಕುರ್ಚಿಯಿಂದ ಎದ್ದೇಬಿಟ್ಟ. "ಏ ಗೌರಿ, ಇದು ನಮ್ಮ ಚಾಫ್ ಐತಲ್ಲ!"

ಡಾಕ್ಟರಿಗೆ ತಿಳಿಯಲಿಲ್ಲ. ಇಂದುಧರ ಜೇಬಿನಿಂದ ಸಿಗರೇಟಿನ ಪ್ಯಾಕು ತೆಗೆದು, ಬೆಳ್ಳಿ ಕಾಗದವನ್ನು ಚೂರುಚೂರು ಹರಿದು ಮೇಜಿನ ಮೇಲೆ ತೂರಿದ. ಹಗೆಯ ಕ್ಷಿಪಣಿ ಹಡಗನ್ನು ಹುಡುಕಿಕೊಂಡು ಬಂದಾಗ ಹಡಗಿನವರು ಹೀಗೇ ತಗಡಿನ ಎಳೆಗಳನ್ನು ಆಕಾಶಕ್ಕೆ ಸಿಡಿಸುತ್ತಾರೆ, ಕ್ಷಿಪಣಿಯ ಕಣ್ಣಿಗೆ ಆ ಮೋಡವೇ ಹಡಗಾಗಿ ಕಾಣುತ್ತದೆ, ಮೋಡವನ್ನು ಹೊಡೆದು ಸಮುದ್ರಕ್ಕೆ ಬೀಳುತ್ತದೆ ಎಂದು ಹೇಳಿದ. ಹೇಳಿ ಮುಗಿಸಿ, "ನಮಗ ಇದನ್ನ ಕಂಡುಹಿಡೀಲಿಕ್ಕೆ ಎರಡು ಮಹಾಯುದ್ಧ ಬೇಕಾತು. ಇದಕ್ಕ ಯಾರು ಕಲಿಸಿದ್ರು?" ಎಂದು ಬಾಯಿ ತೆರೆದು ನಿಂತ. ಹೈಮಾವತಿ ಒಂದು ಬೆಳ್ಳಿ ಚೂರನ್ನು ಬೆರಳ ತುದಿಗೆ ಎತ್ತಿಕೊಂಡು, "ಯಾರೂ ಕಲಿಸಲಿಲ್ಲ. ಹಾಗೆ ಮಾಡದ್ದು ಉಳಿಯಲಿಲ್ಲ, ಹಾಗೆ ಮಾಡಿದ್ದು ಉಳಿಯಿತು," ಎಂದರು.

ಕೂಸಿಗೆ ದಾರಿಯಿತ್ತು. ಹುಟ್ಟಿದ ಒಂದು ದಿನದೊಳಗೆ ಲಸಿಕೆಯ ಮೊದಲ ಸೂಜಿ ಬೀಳಬೇಕು. ವೈರಸ್ಸು ಒಳಗೆ ಹೋದರೂ ಬೀಡು ಬಿಡಲು ಅದಕ್ಕೆ ಕೆಲವು ವಾರ ಬೇಕು. ಅಷ್ಟರೊಳಗೆ ಕಾವಲುಗಾರರಿಗೆ ಪಾಠವಾಗಿಬಿಟ್ಟರೆ ಬಹುಪಾಲು ಮಕ್ಕಳು ಉಳಿಯುತ್ತಾರೆ. ಲಸಿಕೆ ಆಗಿನ್ನೂ ಪರದೇಶದಿಂದ ಬರುತ್ತಿತ್ತು, ಔಷಧಿ ಅಂಗಡಿಗಳಲ್ಲಿ ಕೇಳಿದರೆ ಮುಖ ನೋಡುತ್ತಿದ್ದರು. ಹೈಮಾವತಿ ಮದ್ರಾಸಿನಿಂದ ತರಿಸಿಕೊಟ್ಟರು. ಮೊದಲ ಸೀಸೆ ಗೌರಿಯ ಜೊತೆ ಹೋಗಲಿ, ಮುಂದಿನವು ತಮ್ಮ ಫ್ರಿಜ್ಜಿನಲ್ಲಿರಲಿ ಎಂದರು. ಏಕೆಂದರೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಿತ್ತು. ತಾಯಿಯಿಲ್ಲದ ತವರಾದರೂ ತವರು ತವರೇ. ಬಾಣಂತನಕ್ಕೆ ಮಗಳನ್ನು ಕರೆಯದಿದ್ದರೆ ಅಕ್ಕಮ್ಮನ ಆತ್ಮ ನೊಂದೀತೆಂದು ಅಣ್ಣಪ್ಪ ಪತ್ರದ ಮೇಲೆ ಪತ್ರ ಬರೆದಿದ್ದರು.

"ತಣ್ಣಗಿಡಿ. ಆದರೆ ಹೆಪ್ಪುಗಟ್ಟಿಸಬೇಡಿ," ಎಂದು ಡಾಕ್ಟರು ಸೀಸೆ ಕೊಡುವಾಗ ಎಚ್ಚರಿಸಿದರು. ಗೌರಿ ಅದನ್ನು ಥರ್ಮಾಸಿನಲ್ಲಿಟ್ಟುಕೊಂಡು, ಗೋದಾವರಿ ಸೇತುವೆಯ ಮೇಲೆ ಎಲ್ಲರೂ ನದಿಗೆ ನಾಣ್ಯ ಎಸೆಯುವಾಗಲೂ ಮಡಿಲಿನಿಂದ ಕೈ ತೆಗೆಯದೆ, ವಿಜಯವಾಡಕ್ಕೆ ಬಂದಳು.

ತಪ್ಪು ನಡೆದದ್ದು ಅಲ್ಲಿ. ಅದರಲ್ಲಿ ಇಬ್ಬರದೂ ಪಾಲಿತ್ತು, ಎರಡು ಪಾಲೂ ಪ್ರೀತಿಯಿಂದಲೇ ಆದದ್ದು. ಗೌರಿ ತಂದೆಗೆ ಸತ್ಯ ಹೇಳಲಿಲ್ಲ. ಹೆಂಡತಿಯನ್ನು ತಿಂದದ್ದು ಮಗಳೊಳಗೂ ಕೂತಿದೆ ಎಂದು ಆ ಜೀವಕ್ಕೆ ಹೇಗೆ ಹೇಳುವುದು? "ಕೂಸಿಗೆ ಕೊಡೋ ಇಂಜೆಕ್ಷನ್ನಪ್ಪ. ಪರದೇಶದ್ದು, ಇಲ್ಲೆಲ್ಲೂ ಸಿಗಲ್ಲ. ತಣ್ಣಗಿರ್ಬೇಕು," ಎಂದಷ್ಟೇ ಹೇಳಿ ಸೀಸೆಯನ್ನು ಅದರ ರಟ್ಟಿನ ಡಬ್ಬಿಯಲ್ಲೇ ಫ್ರಿಜ್ಜಿನ ಬಾಗಿಲ ಗೂಡಿನಲ್ಲಿಟ್ಟಳು.

ಅಣ್ಣಪ್ಪ ಜೀವಮಾನವಿಡೀ ಬ್ಯಾಂಕಿನ ಭದ್ರ ಕೋಣೆಯ ಕೀಲಿ ಕಾದವರು. ಬೆಲೆಯುಳ್ಳದ್ದು ಕೋಣೆಯೊಳಗೆ, ಹೆಚ್ಚು ಬೆಲೆಯುಳ್ಳದ್ದು ಕೋಣೆಯೊಳಗಿನ ಪೆಟ್ಟಿಗೆಯೊಳಗೆ, ಇದು ಅವರ ರಕ್ತಕ್ಕಿಳಿದ ನಿಯಮ. ಅದು ಮೇ ತಿಂಗಳು, ವಿಜಯವಾಡದ ಬಿಸಿಲು ರಸ್ತೆಯ ಡಾಂಬರನ್ನೇ ಕರಗಿಸುತ್ತಿತ್ತು. ಆಗ ಅವರಿದ್ದ ಶಾಖೆ ಇಬ್ರಾಹಿಂಪಟ್ನಂನಲ್ಲಿ. ದೇಶಕ್ಕೆ ಕರೆಂಟು ಹಂಚುವ ವಿದ್ಯುತ್ ಸ್ಥಾವರದ ದೊಡ್ಡ ಚಿಮಣಿಗಳು ಆ ಊರಲ್ಲೇ ಹೊಗೆ ಬಿಡುತ್ತಿದ್ದರೂ ಪಕ್ಕದ ವಿಜಯವಾಡದ ಮನೆಯಲ್ಲಿ ಮಧ್ಯಾಹ್ನಕ್ಕೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ದೀಪದ ಬುಡದಲ್ಲೇ ಕತ್ತಲೆ. ಸಾಲದ್ದಕ್ಕೆ ಸೂರ್ಯಕಾಂತಮ್ಮನ ಮೊಮ್ಮಕ್ಕಳು ತಣ್ಣೀರಿಗೆಂದು ಬಂದು ಫ್ರಿಜ್ಜನ್ನು ಗಳಿಗೆಗೊಮ್ಮೆ ತೆರೆಯುತ್ತಿದ್ದರು. ಬಾಗಿಲ ಗೂಡಿನ ಡಬ್ಬಿಯಲ್ಲಿ ಅಲ್ಲಾಡುವ ಪುಟ್ಟ ಸೀಸೆಯನ್ನು ಕಂಡು ಅಣ್ಣಪ್ಪನ ಜೀವ ತಡೆಯಲಿಲ್ಲ. ಮಗಳು ಮಲಗಿದ್ದಾಗ ಅದನ್ನು ಡಬ್ಬಿಯಿಂದ ತೆಗೆದು, ಅಕ್ಕಮ್ಮನ ರೇಷ್ಮೆ ಸೀರೆಯ ಒಂದು ತುಂಡಿನಲ್ಲಿ ಸುತ್ತಿ, ಮೇಲಿನ ಐಸ್ ಪೆಟ್ಟಿಗೆಯೊಳಗೆ ಇಟ್ಟರು. ಮೊದಲಿನ ಜಾಗದಲ್ಲಿ ಖಾಲಿ ರಟ್ಟಿನ ಡಬ್ಬಿ ಇದ್ದ ಹಾಗೇ ಇತ್ತು. ಗೌರಿ ದಿನವೂ ಅದನ್ನು ನೋಡಿ ನೆಮ್ಮದಿಪಡುತ್ತಿದ್ದಳು. ಖಾಲಿ ಹೊದಿಕೆಯನ್ನು ನಂಬಿ ಮೋಸಹೋಗುವ ಸರದಿ ಈಗ ಅವಳದಾಗಿತ್ತು.

ಒಂದು ಬೆಳಗ್ಗೆ, ಇಂದ್ರಕೀಲಾದ್ರಿ ಬೆಟ್ಟದ ಮೇಲಿನ ಗುಡಿಯಲ್ಲಿ ಸುಪ್ರಭಾತದ ಮೈಕು ಶುರುವಾಗುವ ಹೊತ್ತಿಗೆ, ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಹೆಣ್ಣು ಕೂಸು ಹುಟ್ಟಿತು. ಹೆರಿಗೆ ಮಾಡಿಸಿದ ಡಾಕ್ಟರ್ ಭ್ರಮರಾಂಬ ಲಸಿಕೆ ತನ್ನಿ ಎಂದರು. ಅಣ್ಣಪ್ಪ ಮನೆಗೆ ಓಡಿಹೋಗಿ ರೇಷ್ಮೆಯ ಗಂಟನ್ನು ಎದೆಗವುಚಿಕೊಂಡು ಬಂದರು. ದಾರಿಯಲ್ಲೇ ಅರೆ ಕರಗಿದ್ದ ಸೀಸೆಯನ್ನು ಭ್ರಮರಾಂಬ ಬೆಳಕಿಗೆ ಹಿಡಿದರು, ಅಲ್ಲಾಡಿಸಿದರು, ಮತ್ತೆ ಹಿಡಿದರು. ಹಾಲು ಒಡೆದಂತೆ ಬಿಳಿಯ ಚೂರುಗಳು ತಳಕ್ಕಿಳಿದು ಮೇಲೆ ತಿಳಿನೀರು ನಿಂತಿತ್ತು.

"ಇದನ್ನು ಐಸಿನಲ್ಲಿಟ್ಟವರು ಯಾರು?"

"ನಾನೇ," ಎಂದರು ಅಣ್ಣಪ್ಪ, ಹೆಮ್ಮೆಯಿಂದ. "ಭದ್ರವಾಗಿರ್ಲಿ ಅಂತ."

"ಇದು ಕೆಟ್ಟುಹೋಗಿದೆ. ಹಾಕುವ ಹಾಗಿಲ್ಲ."

ಹಾಸಿಗೆಯ ಮೇಲಿದ್ದ ಗೌರಿಗೆ ಏನು ಬಂತೋ, ಹುಟ್ಟಿದಾರಭ್ಯ ತಂದೆಗೆ ಎದುರಾಡದವಳು ಕಿರುಚಿದಳು. "ಯಾರು ಹೇಳಿದ್ರಪ್ಪಾ ನಿಮಗೆ ಕಾವಲು ಕಾಯೋಕೆ? ಅಮ್ಮನ್ನ ತಿಂದಿದ್ದು ನನ್ ಮೈಯಾಗೂ ಐತೆ. ಕೂಸಿಗೂ ಹೋಗಿರ್ತದೆ. ಅದನ್ನ ತಡೆಯೋಕೆ ಇದ್ದಿದ್ದು ಅದೊಂದೇ!"

ಅಣ್ಣಪ್ಪ ಗೋಡೆಗೆ ಕೈ ಕೊಟ್ಟು ನಿಂತರು. "ನಿನ್ನೊಳಗೂ ಐತಾ? ಯಾಕವ್ವ ಹೇಳ್ಲಿಲ್ಲ ನಂಗೆ?" ಅವರ ದನಿ ಅಷ್ಟು ಸಣ್ಣದಾಗಿದ್ದುದನ್ನು ಗೌರಿ ಅಮ್ಮ ತೀರಿಕೊಂಡ ದಿನವೂ ಕೇಳಿರಲಿಲ್ಲ. ಅವಳ ಸಿಟ್ಟು ಅಲ್ಲೇ ಮುರಿದುಬಿತ್ತು. ಹೇಳಿದ್ದರೆ ಅವರು ಆ ಸೀಸೆಯನ್ನು ಮುಟ್ಟುತ್ತಿರಲಿಲ್ಲ. ಒಳಗಿದ್ದದ್ದನ್ನು ಸದ್ದಿಲ್ಲದೆ ಮುಚ್ಚಿಟ್ಟವಳು ತಾನು.

ದಿನ ಇನ್ನೂ ಉಳಿದಿತ್ತು. ಅಣ್ಣಪ್ಪ ರಸ್ತೆಯ ಆಚೆಯ ಎಸ್‌ಟಿಡಿ ಬೂತಿಗೆ ಚಪ್ಪಲಿಯಿಲ್ಲದೆ ಓಡಿದರು. ಗಾಜುವಾಕದ ಮನೆ ಮಾಲೀಕರ ಫೋನಿಗೆ ಕರೆ ಹೋಯಿತು. ಹೆರಿಗೆಯ ದಿನ ಹತ್ತಿರ ಬಂತೆಂದು ರಜೆ ಹಾಕಿ ಕೂತಿದ್ದ ಇಂದುಧರ ಸುದ್ದಿ ಕೇಳಿ ಹೈಮಾವತಿಯವರಲ್ಲಿಗೆ ಆಟೋ ಹಿಡಿದ. ಬೆಳಗಿನ ರೈಲು ಹತ್ತಿದನೆಂದು ಮಾಲೀಕರು ತಿರುಗಿ ತಿಳಿಸಿದರು. ಸಂಜೆಯವರೆಗೆ ಕಾಯಬೇಕು.

ಆ ಹಗಲು ಗೌರಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಸೂರ್ಯಕಾಂತಮ್ಮ ಕೂಸನ್ನು ಪಕ್ಕಕ್ಕೆ ತಂದರೆ ಹಿಂದೆ ಸರಿದಳು. ತನ್ನ ರಕ್ತ, ತನ್ನ ಬೆವರು, ತನ್ನ ಉಸಿರು ಎಲ್ಲದರಲ್ಲೂ ಆ ಅಂಗಿಗಳ ಮೋಡ ಕಂಡಂತಾಗುತ್ತಿತ್ತು. "ಎತ್ತಿಕೊಂಡರೆ, ಹಾಲು ಕೊಟ್ಟರೆ ಏನೂ ಆಗುವುದಿಲ್ಲ. ಆಗುವುದಿದ್ದರೆ ಹೆರಿಗೆಯಲ್ಲೇ ಆಗಿಹೋಗಿದೆ," ಎಂದು ಭ್ರಮರಾಂಬ ಗದರಿದರು. ಬುದ್ಧಿ ಒಪ್ಪಿತು, ಕೈ ಒಪ್ಪಲಿಲ್ಲ. ಕೂಸು ಅಳುತ್ತಿತ್ತು. "ಅಯ್ಯೋ ತಲ್ಲೀ, ನನ್ನ ತಾಯೀ, ನಿನ್ನನ್ನೂ ಹೀಗೇ ಎತ್ತಿ ಆಡಿಸಿದವಳು ನಾನು. ನಿನ್ನ ತಾಯಿ ನಿನ್ನನ್ನು ಎದೆಗೆ ಹಾಕಿಕೊಳ್ಳದೆ ಬಿಟ್ಟಿದ್ದಳಾ?" ಎಂದು ಸೂರ್ಯಕಾಂತಮ್ಮ ಗೊಣಗಿದರು. ಆಗ ಗೌರಿ ತಿರುಗಿದಳು. ಅಳುತ್ತಲೇ ಕೂಸನ್ನು ತೆಗೆದುಕೊಂಡಳು. ಕೂಸು ಬಾಯಿ ಹಚ್ಚಿತು. ಅಮ್ಮನೂ ಹೀಗೇ, ಏನೂ ತಿಳಿಯದೆ, ತುಂಬು ಸಂತೋಷದಿಂದ ತನ್ನನ್ನು ಎತ್ತಿಕೊಂಡಿರಬೇಕೆಂದು ಅವಳಿಗೆ ಅನಿಸಿ ಇನ್ನಷ್ಟು ಅಳು ಬಂತು.

ಅಣ್ಣಪ್ಪ ಬಾಗಿಲ ಹೊರಗಿನ ಬೆಂಚಿನಿಂದ ಏಳಲಿಲ್ಲ. ಕಾಫಿ ತಂದುಕೊಟ್ಟರೂ ಕುಡಿಯಲಿಲ್ಲ.

ಹೊತ್ತು ಮುಳುಗುವ ಮೊದಲು ಇಂದುಧರ ಬಂದ. ಅಂಗಿಯೆಲ್ಲ ಬೆವರು, ಕೈಯಲ್ಲಿ ಥರ್ಮಾಸು. ಒಳಗೆ ಐಸಿಲ್ಲ, ಒದ್ದೆ ಕರವಸ್ತ್ರದಲ್ಲಿ ಸುತ್ತಿದ ಸೀಸೆ ಅಷ್ಟೇ. ಭ್ರಮರಾಂಬ ಅದನ್ನು ಅಲ್ಲಾಡಿಸಿದರು. ತೆಳು ಮಜ್ಜಿಗೆಯ ಹಾಗೆ ಒಂದೇ ಸಮನಾಗಿ ಬಿಳಿಯಾಗಿತ್ತು. ಕೂಸಿನ ಪುಟ್ಟ ತೊಡೆಗೆ ಸೂಜಿ ಇಳಿಯಿತು. ಕೂಸು ಊರು ಕೇಳುವಂತೆ ಚೀರಿತು. ಆ ಚೀರಾಟ ಗೌರಿಗೆ ಮಂಗಳವಾದ್ಯದಂತೆ ಕೇಳಿಸಿತು.

"ಬಿಸಿಲಾಗ ಕೆಡಲಿಲ್ಲೇನು?" ಎಂದು ಅಣ್ಣಪ್ಪ ಅಂಜುತ್ತ ಕೇಳಿದರು.

"ಒಂದು ದಿನದ ಬಿಸಿಲಿಗೆ ಇದು ಜಗ್ಗಂಗಿಲ್ಲಂತ್ರೀ ಮಾವಾರೆ. ಹೆಪ್ಪುಗಟ್ಟಿದ್ರ ಮಾತ್ರ ಮುಗೀತಂತ. ಹೈಮಾವತಿ ಡಾಕ್ಟ್ರು ಹೇಳಿದ್ರು."

ಆಮೇಲೆ ಹಾಸಿಗೆಯ ಅಂಚಿಗೆ ಕೂತು ಇಂದುಧರ ಹೆಂಡತಿಗೆ ಇನ್ನೊಂದು ಮಾತು ಹೇಳಿದ. ಸೀಸೆ ತೆಗೆದುಕೊಳ್ಳುವಾಗ, ಇದರೊಳಗೆ ಏನಿದೆ ಎಂದು ಡಾಕ್ಟರನ್ನು ಇಂಗ್ಲಿಷಿನಲ್ಲಿ ಕೇಳಿದ್ದನಂತೆ. "ಏನೈತಿ ಅಂತಿ? ಚಾಫ್, ಗೌರಿ! ಅದೇ ಖಾಲಿ ಅಂಗಿ. ಬನ್ನು ಉಬ್ಬಿಸೋ ಯೀಸ್ಟಿನ ಕೈಲೆ ಹೊಲಿಸ್ತಾರಂತ. ಒಳಗ ಯಾರೂ ಇಲ್ಲ, ಬರೇ ಅಂಗಿ. ಕಳ್ಳನ ಅಂಗೀನ ಕಸಗೊಂಡು, ಕಳ್ಳ ಮನೀ ಹಿಡಿಯೂದ್ರಾಗ ನಮ್ಮ ಕೂಸಿನ ಕಾವಲ್ದಾರಿಗೆ ತೋರಸಾಕತ್ತಾರ. ನೋಡ್ರಪ್ಪಾ, ಈ ಅಂಗಿ ಹಾಕ್ಕೊಂಡಾವ ಬಂದ್ರ ಬಿಡಬ್ಯಾಡ್ರಿ, ಅಂತ."

ಗೌರಿ ಖಾಲಿಯಾದ ಸೀಸೆಯನ್ನು ಕೈಗೆತ್ತಿಕೊಂಡು ನೋಡಿದಳು. ಕಣ್ಣು ಕಟ್ಟಲೆಂದು ವೈರಸ್ಸು ತೂರಿದ ಅಂಗಿಯನ್ನೇ ಮನುಷ್ಯರು ಹೆಕ್ಕಿಕೊಂಡು ಕಣ್ಣು ತೆರೆಸುವ ಪಾಠ ಮಾಡಿದ್ದರು. ಅಷ್ಟು ಕಾಲದ ಮೋಸಕ್ಕೆ ಇಷ್ಟು ಸರಳ ಉತ್ತರ! ಮೋಸಗಾರನ ಬುದ್ಧಿಗೆ ಬೆರಗಾಗಬೇಕೋ, ಅದನ್ನು ತಿರುಗಿಸಿ ಕೊಟ್ಟವರ ಬುದ್ಧಿಗೆ ಕೈಮುಗಿಯಬೇಕೋ ಅವಳಿಗೆ ತಿಳಿಯಲಿಲ್ಲ. ಎದುರಿಗೆ ಕೂಸು ಅತ್ತು ಸುಸ್ತಾಗಿ ಮಲಗಿತ್ತು. ಆ ಅಂಗೈಯಗಲದ ತೊಡೆಯೊಳಗೆ ಆಗಲೇ ಪಾಠ ಶುರುವಾಗಿರಬೇಕು. ಗೌರಿ ಕೈ ಮುಗಿದಳು.

ಉಳಿದ ಸೂಜಿಗಳು ವಿಶಾಖಪಟ್ಟಣದಲ್ಲಿ ಬಿದ್ದವು. ಹೆಣ್ಣು ಕೂಸಾದ್ದರಿಂದ ಅಜ್ಜಿಯ ಹೆಸರನ್ನೇ ಇಟ್ಟರು. ಕಾಗದದ ಮೇಲೆ ಅಕ್ಕಮ್ಮ, ಮನೆಯಲ್ಲಿ ಅಕ್ಕು. ವರ್ಷ ತುಂಬಿ ನಡೆಯಲು ಕಲಿತ ಮೇಲೆ ಹೈಮಾವತಿ ಅವಳ ರಕ್ತವನ್ನೂ, ಜೊತೆಗೆ ಗೌರಿಯ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವ ದಿನಕ್ಕೆಂದು ನಿವೃತ್ತರಾದ ಅಣ್ಣಪ್ಪ ವಿಜಯವಾಡದಿಂದ ಬಂದು ಗಾಜುವಾಕದ ಮನೆಯಲ್ಲಿ ಬೆಳಗಿನಿಂದ ಅಂಗಿ ತೊಟ್ಟುಕೊಂಡೇ ಕೂತಿದ್ದರು. ಆಸ್ಪತ್ರೆಗೆ ಬರಲು ಮಾತ್ರ ಅವರಿಗೆ ಧೈರ್ಯ ಬರಲಿಲ್ಲ.

"ಮಗುವಿನಲ್ಲಿ ವೈರಸ್ಸಿಲ್ಲ," ಎಂದರು ಹೈಮಾವತಿ. "ಕಾವಲಿದೆ. ಚೆನ್ನಾಗಿ ಕಲಿತ ಕಾವಲು."

"ನನ್ನಲ್ಲಿ?"

"ಇದೆಯಮ್ಮಾ. ಮೊದಲಿನ ಹಾಗೇ ಸುಮ್ಮನೆ ಕೂತಿದೆ. ಕಲಿಸುವ ಕಾಲ ನಿಮ್ಮದು ಮುಗಿದು ಹೋಗಿತ್ತು. ವರ್ಷವರ್ಷ ಬನ್ನಿ, ನಾವೂ ಅದರ ಮೇಲೆ ಕಣ್ಣಿಟ್ಟಿರೋಣ."

ಗೌರಿ ತಲೆಯಾಡಿಸಿದಳು. ತನಗೆ ಹೆದರಿಕೆಯಿಲ್ಲವೆಂದು ಅವಳು ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ಸುಳ್ಳಾಗುತ್ತಿತ್ತು. ಆದರೆ ಅಂದು ಆ ಹೆದರಿಕೆಗಿಂತ ದೊಡ್ಡದೊಂದು ಅವಳ ಎದೆಯಲ್ಲಿ ತುಂಬಿತ್ತು. ಎಷ್ಟು ತಲೆಮಾರಿನಿಂದ ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಒಂದು ಗಳಿಗೆಯೂ ತಪ್ಪದೆ ಇಳಿದು ಬಂದದ್ದು ತನ್ನಲ್ಲಿಗೆ ಬಂದು ನಿಂತುಹೋಗಿತ್ತು.

ಮನೆಗೆ ಬಂದಾಗ ಅಣ್ಣಪ್ಪ ಮಹಡಿಯ ವರಾಂಡದಲ್ಲಿ ಎದ್ದು ನಿಂತರು. ಗೌರಿಯ ಮುಖ ನೋಡಿಯೇ ಅವರಿಗೆ ತಿಳಿಯಿತು. ಮೊಮ್ಮಗಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡರು. ಅಕ್ಕು ಅವರ ಕನ್ನಡಕವನ್ನು ಕಿತ್ತುಕೊಂಡು, ಕೊಡು ಎಂದರೆ ಕೊಡಲಿಲ್ಲ.

"ಅದೇ ಮೂಗು ನೋಡವ್ವ," ಎಂದರು ಕೊನೆಗೆ. "ಅದೇ ಹಠ. ನಮ್ ಅಕ್ಕಮ್ಮಂದು ಎಲ್ಲಾ ಬಂದೈತೆ."

"ಎಲ್ಲಾ ಬರ್ಲಿಲ್ಲಪ್ಪ," ಎಂದಳು ಗೌರಿ.

ಅಣ್ಣಪ್ಪ ಕಣ್ಣೊರೆಸಿಕೊಂಡು ಮೊಮ್ಮಗಳ ಹೊಟ್ಟೆಯ ಮೇಲೆ ಕೈಯಿಟ್ಟರು. ಆಗಷ್ಟೇ ಇಡ್ಲಿ ತಿಂದಿದ್ದ ಹೊಟ್ಟೆ ಗುಂಡಗೆ ಉಬ್ಬಿತ್ತು. ಉಬ್ಬಿದ ಹೊಟ್ಟೆಯನ್ನು ಕಂಡು ಆ ಮನೆಯವರು ಹೆದರದೆ ನಕ್ಕದ್ದು ಅದೇ ಮೊದಲು.